ಉಸಿರುಗಂಡಿ

"ಆ ಹಾಸಿಗೆ ಮಾತ್ರ ಮನೆಗೆ ಒಯ್ಬೇಡಿ ಮೇಸ್ತ್ರಿ. ಅದಕ್ಕೆ ಉಸಿರುಗಂಡಿ ಬಿಟ್ಟಿಲ್ಲ," ಎಂದ ಹತ್ತಿ ಹಿಂಜುವ ಮುದುಕ.

ಹೊಸದಾಗಿ ಬಂದ ಮೇಸ್ತ್ರಿ, ಗುಂಡಿ ಕಳೆದ ಅಂಗಿಯ ಎದೆ ತಟ್ಟಿಕೊಂಡು ನಕ್ಕ. "ಹಾಸಿಗೆಗೂ ಮೂಗು ಇರುತ್ತೇನಯ್ಯಾ?"

ಆ ಕಾರ್ಖಾನೆಯಲ್ಲಿ ಹಾಸಿಗೆಯ ಕೊನೆಯ ಹೊಲಿಗೆಯನ್ನು ಯಾರೂ ಅದೇ ದಿನ ಹಾಕುತ್ತಿರಲಿಲ್ಲ. ಹಿಂಜಿದವರ ಉಸಿರು ಹತ್ತಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಅದು ಹೊರಬೀಳಲು ಬೆರಳು ತೂರುವಷ್ಟು ದಾರಿ ಬೇಕು ಎಂಬ ನಂಬಿಕೆ. ಈ ಹಾಸಿಗೆಯ ಹತ್ತಿ ಹಿಂಜಿದ ಹುಡುಗಿ ಧೂಳಿನಲ್ಲೇ ಕೆಮ್ಮಿ ಕೆಮ್ಮಿ ಸತ್ತಿದ್ದಳು. "ಎದೆ ಹಿಡೀತಿದೆ, ಕಿಟಕಿ ತೆಗೀರಿ" ಎಂದು ಅಂಗಲಾಚಿದವಳಿಗೆ ಇದೇ ಮೇಸ್ತ್ರಿ ಅಂದದ್ದು ಇಷ್ಟೇ: "ಹತ್ತಿ ಹಾರೋಗುತ್ತೆ. ಬಾಯಿಗೆ ಬಟ್ಟೆ ಕಟ್ಕೊಂಡು ಕೆಲಸ ನೋಡು."

ಹಾಸಿಗೆ ಹೊಲಿದವಳು ಆ ಹುಡುಗಿಯ ಅಕ್ಕ. ಸೂಜಿಯಿಂದ ಕಣ್ಣೆತ್ತದೆ ಹೇಳಿದಳು: "ಒಯ್ಲಿ ಬಿಡಿ ತಾತ. ಮೆತ್ತಗಿದೆ."

ಆ ಹಾಸಿಗೆಯಲ್ಲಿ ಮಲಗಿದ ರಾತ್ರಿಯೇ ಮೇಸ್ತ್ರಿಗೆ ಎದೆಯ ಮೇಲೆ ಯಾರೋ ಮಂಡಿಯೂರಿ ಕೂತಂತಾಯಿತು. ಎತ್ತ ಹೊರಳಿದರೂ ಬಿಗಿತ. ಕಿವಿಯ ಕೆಳಗೆ, ಹತ್ತಿಯ ಆಳದಲ್ಲಿ, ಸಣ್ಣ ಕೆಮ್ಮು. ಬೆವರಿದ ಕೂದಲಿನ ವಾಸನೆ. ಡಾಕ್ಟರು ಗ್ಯಾಸ್ ಅಂದರು, ಚಿಂತೆ ಅಂದರು, ಕೊನೆಗೆ ಪರೀಕ್ಷೆ ಮಾಡಿಸಿ ಹೃದಯ ಗುಂಡುಕಲ್ಲಿನ ಹಾಗಿದೆ ಅಂದರು. "ನಿಮಗೂ ಹೃದಯ ಇದೆ ಅಂತ ಈಗಲಾದ್ರೂ ಗೊತ್ತಾಯ್ತಲ್ಲ," ಎಂದು ಹೆಂಡತಿ ಚುಚ್ಚಿದಳು. ನೆಲದ ಮೇಲೆ ಮಲಗಿದರೂ ನಿದ್ದೆ ಹತ್ತಿರ ಸುಳಿಯಲಿಲ್ಲ.

ಕಡೆಗೆ ಹಾಡಹಗಲೇ ಹಾಸಿಗೆಯನ್ನು ಕಾರ್ಖಾನೆಗೆ ಹೊತ್ತು ತಂದ. ಊಟದ ಹೊತ್ತು. ಒಳಗೆ ಅಕ್ಕ ಒಬ್ಬಳೇ. ಕತ್ತರಿ ಹಾಕಿ ಸೀಳಿದ. ಯಾರೋ ನಿಟ್ಟುಸಿರು ಬಿಟ್ಟು ಹೊರಗೆ ನಡೆದಂತೆ ತಣ್ಣನೆಯ ಗಾಳಿ ಕೆನ್ನೆ ಸವರಿ ಹೋಯಿತು. ಹತ್ತಿಯ ನಡುವೆ ಅವನದೇ ಅಂಗಿಯ ಗುಂಡಿ. ಅದಕ್ಕೆ ಸುತ್ತಿದ ಉದ್ದ ಕೂದಲು.

"ಮಾಟ ಮಾಡಿದ್ದೀಯೇನೇ!"

ಕೂದಲನ್ನು ಎಳೆದ. ಮುಗಿಯಲಿಲ್ಲ. ಮತ್ತೆ ಎಳೆದ. ಎಳೆದಷ್ಟೂ ಎದೆ ಬಿಗಿಯಿತು. ಬಿಡಹೋದ. ಕೂದಲು ಬೆರಳು ಬಿಡಲಿಲ್ಲ. ಹತ್ತಿ ಎದ್ದಿತು. ಮೂಗಿಗೆ. ಬಾಯಿಗೆ. ಗಂಟಲಿಗೆ. ಬೆಳಕು ಬಿಳಿ. ಕತ್ತಲೂ ಬಿಳಿ.

"ಕಿಟಕಿ... ನಿನ್ ಕಾಲಿಗೆ ಬೀಳ್ತೀನಿ ತಾಯಿ... ಕಿಟಕಿ ತೆಗಿ..."

ಅಕ್ಕ ಸೂಜಿಗೆ ದಾರ ಪೋಣಿಸಿದಳು.

"ಹತ್ತಿ ಹಾರೋಗುತ್ತೆ, ಮೇಸ್ತ್ರಿ."

ಅವನು ಕುಸಿದು ಬಿದ್ದ ಮೇಲೆ ಹಾಸಿಗೆಯ ಸೀಳನ್ನು ಹೊಲಿಯುತ್ತ ಬಂದಳು. ಕೊನೆಯಲ್ಲಿ ಬೆರಳು ತೂರುವಷ್ಟು ದಾರಿ ಉಳಿಯಿತು. ಅದರೊಳಗಿಂದ ಮೇಸ್ತ್ರಿಯ ಏದುಸಿರು ಕೇಳುತ್ತಿತ್ತು.

ಅದನ್ನೂ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು.