ದಿನಾಂಕ ನೋಡದೆ ಬರೆದ ಉತ್ತರ

'ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ನಾಳೆಯ ಸುದ್ದಿ ನನ್ನ ಹತ್ತಿರ ಇಲ್ಲ.'

ಮೊಬೈಲಿನಲ್ಲಿ ಆ ಎರಡು ಸಾಲು ಓದಿದ ಕೂಡಲೇ ಅವಳ ಕೈಯಲ್ಲಿದ್ದ ಕನ್ನಡಕದ ಗಾಜು ಜಾರಿ ಮೇಜಿನ ಮೇಲೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

ಅಯ್ಯೋ... ನಾನು ಮಾಡಿದ್ದೇನು!

ಅವಳು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ತಕ್ಕಂತೆ ಗಾಜು ಕತ್ತರಿಸಿ ಕೂರಿಸುವವಳು. ವಯಸ್ಸು ಮೂವತ್ನಾಲ್ಕು. ಮೂರು ತಿಂಗಳ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಅದಕ್ಕಿಂತ ಕಷ್ಟವೆಂದರೆ ಏನು ಕೊಟ್ಟರೂ ನುಂಗಲು ಆಗುತ್ತಿರಲಿಲ್ಲ. ಒಂದು ಗುಟುಕು ನೀರಿಗೂ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು.

ಅಕ್ಕ ಒಬ್ಬಳೇ ಒದ್ದಾಡುವುದನ್ನು ನೋಡಲಾರದೆ ತಂಗಿ ಅವಳನ್ನು 'ಆರೈಕೆ ಬಳಗ'ಕ್ಕೆ ಸೇರಿಸಿದ್ದಳು. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ನಾಲ್ಕು ಲಕ್ಷ ಜನ ಅಲ್ಲಿದ್ದರು. ಪ್ರಶ್ನೆ ಕೇಳುತ್ತಿದ್ದರು, ಉತ್ತರ ಹೇಳುತ್ತಿದ್ದರು, ಜಗಳವಾಡುತ್ತಿದ್ದರು, ಅಳುತ್ತಿದ್ದರು.

"ಹೆಸರು ಏನು ಹಾಕ್ಲಿ?" ಎಂದು ತಂಗಿ ಕೇಳಿದ್ದಳು.

"ನಂಗೇನು ಗೊತ್ತು? ನಾನೇ ಹೊಸಬಳು."

ತಂಗಿ 'ಹೊಸಬಳು' ಎಂದೇ ಹಾಕಿಬಿಟ್ಟಳು! ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಲು ಬರುವುದಿಲ್ಲ ಎಂದು ಇಬ್ಬರಿಗೂ ಆಮೇಲೆ ತಿಳಿಯಿತು.

ನಿನ್ನೆ ಅವಳು 'ನುಂಗಲು ಆಗುತ್ತಿಲ್ಲ' ಎಂದು ಹುಡುಕಿದಾಗ ಮೊದಲು ಕಂಡದ್ದೇ 'ಮೂರನೇ ಮಹಡಿ' ಎಂಬಾತನ ಪ್ರಶ್ನೆ. 'ನನ್ನ ಹೆಂಡತಿ ಮೂರು ದಿನದಿಂದ ಏನೂ ನುಂಗುತ್ತಿಲ್ಲ. ಯಾರಾದರೂ ದಾರಿ ಹೇಳಿ.'

ಅವತ್ತೇ ಆಸ್ಪತ್ರೆಯಲ್ಲಿ ಅವಳು ನುಂಗಿಸುವ ಬಗೆಯನ್ನು ಕಲಿತು ಬಂದಿದ್ದಳು. ತನಗೂ ಒಂದು ಉತ್ತರ ಗೊತ್ತಿದೆಯಲ್ಲ ಎಂಬ ಸಂಭ್ರಮದಲ್ಲಿ ಬರೆದೇ ಬರೆದಳು. 'ಬೆಂದ ತರಕಾರಿಯನ್ನು ನುಣ್ಣಗೆ ಅರೆದು ಚಮಚದ ತುದಿಯಲ್ಲಿ ಕೊಡಿ. ನುಂಗುವಾಗ ಗಲ್ಲ ಎದೆಯ ಕಡೆ ಬಾಗಿರಲಿ. ಗಾಬರಿಯಾಗಬೇಡಿ! ನಾಳೆ ಹೇಗಿದ್ದಾರೆ ತಿಳಿಸಿ!'

ಪ್ರಶ್ನೆಯ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ದಿನಾಂಕವನ್ನು ಅವಳು ನೋಡಿರಲಿಲ್ಲ.

ಆ ಬಳಗದಲ್ಲಿ ಎಷ್ಟೇ ಹಳೆಯ ಪ್ರಶ್ನೆಗಾದರೂ ಹೊಸ ಉತ್ತರ ಬಿತ್ತೆಂದರೆ ಅದು ಎಲ್ಲರ ಪುಟದ ನೆತ್ತಿಗೇರುತ್ತದೆ. ಬೆಳಗಾಗುವಷ್ಟರಲ್ಲಿ ಅಷ್ಟೂ ಜನ ಅದನ್ನು ಓದಿ ಮುಗಿಸಿದ್ದರು.

'ದಿನಾಂಕ ಓದಲು ಬರುವುದಿಲ್ಲವೇ?'

'ಇಂಥವರನ್ನು ಒಳಗೆ ಬಿಟ್ಟವರು ಯಾರು?'

'ಮೊದಲು ಹೋಗಿ ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಮ್ಮ!'

ಕನ್ನಡಕದ ಅಂಗಡಿಯಲ್ಲಿ ಕೂತವಳಿಗೆ ಇದಕ್ಕಿಂತ ದೊಡ್ಡ ಮಂಗಳಾರತಿ ಬೇಕೇ? ಆದರೆ ಅವಳಿಗೆ ಆ ನೂರಾರು ಮಾತು ತಾಗಲಿಲ್ಲ. ತಾಗಿದ್ದು ಮೂರನೇ ಮಹಡಿಯ ಆ ಎರಡು ಸಾಲು. ಗಾಜು ಉಜ್ಜುವ ಯಂತ್ರವನ್ನು ನಿಲ್ಲಿಸಿ, ಗೋಡೆಯ ಕಡೆ ತಿರುಗಿ ಅತ್ತುಬಿಟ್ಟಳು.

ಆಮೇಲೆ ಅವನೊಬ್ಬನಿಗೇ ಕಾಣುವಂತೆ ಬರೆದಳು. 'ಕ್ಷಮಿಸಿ. ನಾನು ನೋಡಲಿಲ್ಲ. ನಿಮ್ಮ ಗಾಯ ಕೆದಕಿದೆ.'

ಒಂದು ಗಂಟೆಯ ಮೇಲೆ ಉತ್ತರ ಬಂತು. 'ತಪ್ಪು ನಿಮ್ಮದಲ್ಲ. ಅದಕ್ಕೆ ಬೀಗ ಹಾಕಬೇಕಾಗಿದ್ದವನು ನಾನು.'

ಅವನು ಬಳಗದ ಶಿಸ್ತು ನೋಡಿಕೊಳ್ಳುವ ಒಂಬತ್ತು ಜನ ಮಾಡರೇಟರುಗಳಲ್ಲಿ ಒಬ್ಬ. ರೋಗಿ ತೀರಿಕೊಂಡರೆ ಆ ಮನೆಯವರ ಪ್ರಶ್ನೆಗಳಿಗೆ ಯಾರೂ ಇನ್ನು ಉತ್ತರಿಸದಂತೆ ಬೀಗ ಹಾಕುವುದು ಅಲ್ಲಿನ ಪದ್ಧತಿ. ಆರು ವರ್ಷದಲ್ಲಿ ಅವನು ಸಾವಿರಾರು ಮನೆಯವರಿಗೆ ಆ ಕೆಲಸ ಮಾಡಿಕೊಟ್ಟಿದ್ದ. ತನ್ನ ಪ್ರಶ್ನೆಗೆ ಬೀಗ ಹಾಕಲು ಮಾತ್ರ ಕೈ ಬಂದಿರಲಿಲ್ಲ!

'ಇವತ್ತು ಹಾಕಿದೆ,' ಎಂದು ಬರೆದಿದ್ದ. 'ನಿಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲ?'

ಹಾಗೆ ಶುರುವಾಯಿತು.

ಅವನು ನಾಲ್ಕು ಗಂಟೆ ಬಸ್ಸಿನ ದಾರಿಯ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುವವನು. ತನ್ನ ಊರು, ಅಂಗಡಿಯ ವಿಳಾಸ ಅವಳೂ ಹೇಳಿದ್ದಳು. ದಿನಾ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವನ ಸಂದೇಶ ಬಂದಿರುತ್ತಿತ್ತು. ಆ ಜನಜಂಗುಳಿಯಲ್ಲಿ ಹೇಗೆ ನಡೆಯಬೇಕೆಂದು ಅವನೇ ಹೇಳಿಕೊಟ್ಟ.

'ಒಂದು ವಾರ ಬರೀ ಓದಿ, ಬರೆಯಬೇಡಿ. ಮೇಲೆ ಅಂಟಿಸಿರೋ ನಿಯಮಗಳನ್ನು ಮೊದಲು ನೋಡಿ. ಜಾಸ್ತಿ ಮತ ಬಿದ್ದ ಉತ್ತರವೇ ಸರಿ ಅಂದ್ಕೋಬೇಡಿ, ಬೇಗ ಬರೆದವರಿಗೆ ಮತ ಜಾಸ್ತಿ. ಔಷಧಿ ವಿಷಯ ಯಾರು ಹೇಳಿದ್ರೂ ಡಾಕ್ಟರನ್ನ ಕೇಳಿ.'

'ಬೈಯೋರಿಗೆ ಏನು ಮಾಡ್ಲಿ?'

'ಅವರ ಹಳೇ ಪ್ರಶ್ನೆಗಳನ್ನ ಓದಿ. ಅರ್ಧ ಜನಕ್ಕೆ ನಿದ್ದೆ ಇಲ್ಲ, ಇನ್ನರ್ಧ ಜನಕ್ಕೆ ಮನೇಲಿ ಮಾತಾಡೋರಿಲ್ಲ.'

ಓದಿದಳು. ನಿಜವಾಗಿತ್ತು. ಕಣ್ಣು ಪರೀಕ್ಷೆ ಮಾಡಿಸಿಕೋ ಎಂದವನು ಹನ್ನೊಂದು ವರ್ಷದಿಂದ ತಾಯಿಯ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದ. ಅವಳ ಸಿಟ್ಟು ಇಳಿದುಹೋಯಿತು.

ಅಪ್ಪ ಸ್ವಲ್ಪ ಚೇತರಿಸಿಕೊಂಡರು. ಅವರು ಒಂದೊಂದು ಚಮಚ ನುಂಗಿದಾಗಲೂ ಅವಳು ಅವನಿಗೆ ತಿಳಿಸುತ್ತಿದ್ದಳು. ಅಪ್ಪ ಸೊಟ್ಟ ತುಟಿಯಲ್ಲೇ ನಗುತ್ತಾ ತೊದಲುತ್ತಿದ್ದರು. "ಏನಂತೆ... ಲಿಫ್ಟಿನವನು?"

"ನೀವು ಹಟಮಾರಿ ಅಂತೆ."

"ಅವನಿಗೂ ಗೊತ್ತಾಯ್ತಾ!"

ಐದನೇ ತಿಂಗಳಿಗೆ 'ನೀವು' ಹೋಗಿ ಅವನ ಕಡೆಯಿಂದ 'ನೀನು' ಬಂತು. ಆ ಒಂದು ಮಾತಿಗೆ ಅವಳು ಇಡೀ ದಿನ ಗಾಜುಗಳನ್ನು ಎಡಬಲ ಮಾಡಿ ಕೂರಿಸಿದಳು. ಅಂಗಡಿಯ ಯಜಮಾನರಿಂದ ಬೈಸಿಕೊಂಡರೂ ನಗು ಬರುತ್ತಿತ್ತು. ಅವಳು ಅವನನ್ನು ಪ್ರೀತಿಸುತ್ತಿದ್ದಳು. ಅವನೂ ಪ್ರೀತಿಸುತ್ತಾನಾ? ಅಥವಾ ಇದು ಮಾಡರೇಟರಿನ ಕರ್ತವ್ಯವಾ? ಅದೊಂದು ಗೊತ್ತಾಗದೆ ಅವಳಿಗೆ ಅನ್ನ ನೀರು ಸೇರದಂತಾಯಿತು.

"ನೇರವಾಗಿ ಕೇಳೇ ಅಕ್ಕ," ಎಂದಳು ತಂಗಿ.

"ಇಲ್ಲ ಅಂದ್ಬಿಟ್ರೆ?"

"ಅಂದ್ರೆ ಅನ್ಲಿ. ಈಗೇನು ಸುಖವಾಗಿದ್ದೀಯಾ?"

ಅವಳು ಕೇಳಿದಳು... ಆದರೆ ಅವನನ್ನಲ್ಲ! ನಾಲ್ಕು ಲಕ್ಷ ಜನರನ್ನು ಕೇಳಿದಳು. ಬೇರೆ ಖಾತೆ ತೆರೆದು, ಬೇರೆ ಹೆಸರಿಟ್ಟು, 'ಮನದ ಮಾತು' ಎಂಬ ವಿಭಾಗದಲ್ಲಿ ಬರೆದಳು. 'ಹೆಂಡತಿಯನ್ನು ಕಳೆದುಕೊಂಡ ಒಬ್ಬರನ್ನು ಪ್ರೀತಿಸುತ್ತಿದ್ದೇನೆ. ಭೇಟಿಯಾಗಿಲ್ಲ, ದಿನಾ ಬರೆದುಕೊಳ್ಳುತ್ತೇವೆ. ಹೇಳಲೇ, ಬೇಡವೇ?' ಇಷ್ಟೇ. ಮನೆಯ ವಿಷಯವಾಗಲಿ, ಊರಿನ ವಿಷಯವಾಗಲಿ ಒಂದಕ್ಷರವೂ ಇಲ್ಲ.

ಮಧ್ಯಾಹ್ನದೊಳಗೆ ಆರುನೂರು ಉತ್ತರಗಳು ಬಿದ್ದವು. 'ಓಡಿಹೋಗಿ!' 'ಸತ್ತವಳ ಜೊತೆ ಪೈಪೋಟಿ ಮಾಡ್ತೀರಾ?' 'ಅವನಿಗೆ ಹೊತ್ತು ಹೋಗಬೇಕು, ನೀವು ಸಿಕ್ಕಿದ್ದೀರಿ.' ಅವಳು ಎಲ್ಲವನ್ನೂ ಓದಿದಳು. ಓದುತ್ತಾ ಓದುತ್ತಾ ಒಂದು ಹೆಸರಿನ ಮೇಲೆ ಬೆರಳು ನಿಂತಿತು.

ಮೂರನೇ ಮಹಡಿ!

'ಹೇಳಬೇಡಿ. ಅವನ ಹತ್ತಿರ ಕೊಡೋಕೆ ಏನೂ ಉಳಿದಿಲ್ಲ. ನಿಮ್ಮ ತಂದೆಯನ್ನು ಚೆನ್ನಾಗಿ ನೋಡಿಕೊಳ್ಳಿ.'

ನಿಮ್ಮ ತಂದೆಯನ್ನು...

ಅಪ್ಪನ ವಿಷಯ ನಾನೆಲ್ಲಿ ಬರೆದಿದ್ದೆ? ಎಂದು ಅವಳು ತನ್ನ ಪ್ರಶ್ನೆಯನ್ನೇ ಮೂರು ಸಲ ಓದಿದಳು. ಎಲ್ಲೂ ಇರಲಿಲ್ಲ. ಕೇಳಿದವಳು ಯಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ!

ಇಬ್ಬರಿಗೇ ಅಂತ ಒಂದು ಜಾಗ ಇತ್ತು. ಅಲ್ಲಿ ಹೇಳಬಹುದಿತ್ತು. ಇಷ್ಟು ಜನರ ಮುಂದೆ ನನ್ನ ಕೈ ಕೊಡವಿಬಿಟ್ಟನಲ್ಲ...

ಅವನ ಉತ್ತರಕ್ಕೆ ಎರಡು ಸಾವಿರ ಮತ ಬಿದ್ದಿತ್ತು. ಅವಳು ಎರಡೂ ಖಾತೆಗಳನ್ನು ಅಳಿಸಿಹಾಕಿದಳು.

ನಾಲ್ಕು ತಿಂಗಳು ಕಳೆಯಿತು. ಅಪ್ಪನಿಗೆ ಎರಡನೇ ಸಲ ಹೊಡೆಯಿತು. ಈ ಸಲ ಒಂದು ಚಮಚವೂ ಇಳಿಯಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ, ತಂಗಿ ದಿಂಬು ಸರಿಮಾಡುತ್ತಿದ್ದಾಗಲೇ, ಅಪ್ಪ ಹೋಗಿಬಿಟ್ಟರು.

ಅಪ್ಪ ಹೋದ ಹನ್ನೆರಡನೇ ದಿನ ತಂಗಿ ಮೊಬೈಲು ಹಿಡಿದು ಬಂದಳು. ಖಾತೆ ಅಳಿಸಿದರೂ ಅಪ್ಪನ ಬಗ್ಗೆ ಅವಳು ಕೇಳಿದ್ದ ಪ್ರಶ್ನೆಗಳು ಅಲ್ಲೇ ಉಳಿದಿದ್ದವು. ಯಾರೋ ಹೊಸಬರು ಬರೆದಿದ್ದರು. 'ನಿಮ್ಮ ತಂದೆ ಈಗ ಹೇಗಿದ್ದಾರೆ? ಧೈರ್ಯವಾಗಿರಿ!'

ಅವಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಬಳಗದ ಕಚೇರಿ ವಿಳಾಸಕ್ಕೆ ಒಂದೇ ಸಾಲು ಬರೆದಳು. 'ಹೊಸಬಳ ಪ್ರಶ್ನೆಗಳಿಗೆ ಬೀಗ ಹಾಕಿ. ಅಪ್ಪ ತೀರಿಕೊಂಡು ಹನ್ನೆರಡು ದಿನವಾಯಿತು.' ಒಂಬತ್ತು ಜನರಲ್ಲಿ ಯಾರು ಓದಿದರೂ ಅವಳಿಗೆ ಒಂದೇ ಆಗಿತ್ತು. ಹಾಗಂತ ಅಂದುಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬ ಬಂದು ನಿಂತ. ನಲವತ್ತರ ಆಸುಪಾಸು, ಉಗುರಿನ ಸಂದಿನಲ್ಲಿ ಗ್ರೀಸಿನ ಕಪ್ಪು. ಕನ್ನಡಕ ಬೇಕಾದವನಂತೆ ಕಾಣಲಿಲ್ಲ.

"ಏನ್ ಬೇಕಿತ್ತು?" ಎಂದಳು.

"ಬೀಗ ಹಾಕಿದೆ," ಎಂದ ಅವನು. "ಹೇಳಿ ಹೋಗೋಣ ಅಂತ ಬಂದೆ."

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಆ ದನಿ ಅವಳು ಎಂದೂ ಕೇಳಿದ್ದಲ್ಲ. ಆದರೂ ಯಾರೆಂದು ಕೇಳಬೇಕಾಗಿರಲಿಲ್ಲ.

"ಅದನ್ನ ಹೇಳೋಕೆ ನಾಲ್ಕು ಗಂಟೆ ಬಸ್ಸಲ್ಲಿ ಬಂದ್ರಾ? ಅಲ್ಲೇ ಬರೀಬಹುದಿತ್ತಲ್ಲ! ಎಲ್ಲರೂ ಓದೋ ಜಾಗದಲ್ಲಿ... ನಿಮಗೆ ಅಭ್ಯಾಸ ಇದೆಯಲ್ಲ."

ಅವನು ತಲೆ ತಗ್ಗಿಸಿದ.

ಒಳಗಿನಿಂದ ಯಜಮಾನರು ಕೂಗಿದರು. "ಯಾರಮ್ಮ ಅದು?"

"ಗಿರಾಕಿ ಸಾರ್! ಏನು ಬೇಕು ಅಂತ ಅವರಿಗೇ ಗೊತ್ತಿಲ್ಲ."

"ಗೊತ್ತು," ಎಂದ ಅವನು ಮೆಲ್ಲಗೆ. "ಆವತ್ತೂ ಗೊತ್ತಿತ್ತು. ನಿನ್ನ ಪ್ರಶ್ನೆ ಓದಿದ ಕೂಡಲೇ ನೀನೇ ಅಂತ ಗೊತ್ತಾಯ್ತು. ಖುಷಿಯಾಯ್ತು. ಆಮೇಲೆ ಹೆದರಿಕೆಯಾಯ್ತು. ಮತ್ತೆ ಒಬ್ಬರನ್ನ ಹಚ್ಕೊಂಡು, ಮತ್ತೆ ಕಳ್ಕೊಂಡರೆ... ಮಾಡರೇಟರ್ ಹೆಸರಿನ ಹಿಂದೆ ಬಚ್ಚಿಟ್ಕೊಂಡೆ. ನಿನಗೇ ಹೇಳೋ ಧೈರ್ಯ ಇರಲಿಲ್ಲ, ಅದಕ್ಕೇ ಎಲ್ಲರ ಮುಂದೆ ಹೇಳಿದೆ. ಹೇಡಿ ನಾನು. ನಿನ್ನನ್ನ ಪ್ರೀತಿಸ್ತೀನಿ ಕಣೇ. ಪ್ರೀತಿಸ್ತಾನೇ ಆ ಸಾಲು ಬರೆದೆ."

ಅಷ್ಟು ತಿಂಗಳಿಂದ ಕೇಳಬೇಕೆಂದಿದ್ದ ಮಾತು. ಕಿವಿಗೆ ಬಿದ್ದಾಗ ಸಂತೋಷವಾಗಲಿಲ್ಲ. ಮೈಯೆಲ್ಲ ಉರಿಯಿತು.

"ನನ್ನ ವಿಷಯ ಬಿಡಿ. ಅಪ್ಪ ದಿನಾ ಕೇಳ್ತಿದ್ರು ನಿಮ್ಮನ್ನ. 'ಲಿಫ್ಟಿನವನು ಏನಂದ?' ಅಂತ. ಕೊನೇ ವಾರ ಮಾತೇ ಹೋಗಿತ್ತು, ಕಣ್ಣಲ್ಲೇ ಕೇಳ್ತಿದ್ರು. ನಾನೇನು ಹೇಳ್ಲಿ? ಖಾಲಿ ಮೊಬೈಲು ಹಿಡ್ಕೊಂಡು ನೀವು ಬರೆದ ಹಾಗೆ ಓದ್ತಿದ್ದೆ! ನಾಲ್ಕು ತಿಂಗಳು! ನಿಮ್ಮ ಮಾತೆಲ್ಲ ನಾನೇ ಕಟ್ಟಿದೆ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

ಹೋಗು ಅನ್ನಬೇಕು ಎಂದುಕೊಂಡಳು. ನಾಲಿಗೆಯ ತುದಿಯವರೆಗೆ ಬಂತು. ಅಷ್ಟು ಕಹಿ ಇದ್ದರೂ ಅವನು ಹೊರಟುಬಿಡುತ್ತಾನೇನೋ ಎಂದು ಅದೇ ಗಳಿಗೆಯಲ್ಲಿ ಭಯವಾಯಿತು. ಆ ಭಯಕ್ಕಾಗಿ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

"ಕ್ಷಮಿಸೋಕಾಗಲ್ಲ ನನಗೆ," ಎಂದಳು. "ಇವತ್ತಂತೂ ಆಗಲ್ಲ."

"ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ," ಎಂದ ಅವನು. "ಒಂದು ಕೇಳ್ಲಾ? ಕೊನೇ ದಿನ... ನನ್ನ ಹೆಸರಲ್ಲಿ ಏನಂತ ಓದಿದೆ ಅಪ್ಪನಿಗೆ?"

ಅವಳು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

"ಬರ್ತೀನಿ ಅಂತ. ನಿಮ್ಮ ಮಗಳನ್ನ ನೋಡೋಕೆ ಬರ್ತೀನಿ ಅಂತ ಓದಿದೆ."

"ನಕ್ಕರಾ?"

"ನಕ್ಕರು."

ಅವನು ಗಾಜಿನ ಮೇಜಿನ ಅಂಚನ್ನು ಹಿಡಿದುಕೊಂಡ. "ಬಂದೆ," ಎಂದ. "ತಡವಾಗಿ ಬಂದೆ."

"ಹೂಂ. ತುಂಬಾ ತಡವಾಗಿ."

ಅವಳು ಎದ್ದು, ಗಿರಾಕಿಗಳ ಸ್ಟೂಲನ್ನು ಕಾಲಿನಿಂದಲೇ ಅವನ ಕಡೆ ತಳ್ಳಿದಳು.

"ಕೂತ್ಕೊಳ್ಳಿ. ಆರು ಗಂಟೆಗೆ ಬಾಗಿಲು ಹಾಕ್ತೀವಿ."

"ಆಮೇಲೆ?"

"ಆಮೇಲೆ ಮನೆಗೆ ಬನ್ನಿ," ಎಂದಳು ಅವಳು, ಅವನ ಮುಖ ನೋಡದೆ. "ನಾನು ಅಪ್ಪನಿಗೆ ಸುಳ್ಳು ಹೇಳಿದೆ ಅಂತ ಆಗೋದು ಬೇಡ."