ಪೆನ್ನು ಹಿಡಿದ ಮೂರು ಮಾದರಿಗಳು

ಅರವತ್ತೆರಡನೇ ಲಕೋಟೆಯ ಮೇಲೆ ಹೆಸರು ಬರೆದು, ಮಸಿ ಒಣಗಲೆಂದು ಉಮಾವತಿ ಅದನ್ನು ಪಕ್ಕಕ್ಕಿಟ್ಟಳು. ಮಣಿಕಟ್ಟು ಚುಳ್ಳೆಂದಿತು. ಉಮ್ಮ್ ಸಲಾಲ್ ಊರಿನ ಮದುವೆಯೊಂದರ ಕಾರ್ಡುಗಳು. ಇನ್ನೂ ನೂರಕ್ಕೆ ಮಿಕ್ಕಿ ಇದ್ದವು. ಗಲ್ಫಿನ ಈ ನಗರದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಕಾರ್ಡಿನಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಅವಳದು ಇದೇ ಕೆಲಸ. ಅರಬ್ಬಿ ಓದುವಾಗ ಈಗಲೂ ತಡವರಿಸುತ್ತಾಳೆ, ಬರೆಯುವಾಗ ಇಲ್ಲ.

ಆದರೆ ಕೈ ಸೋತಿತ್ತು. ತಿಂಗಳ ಕೊನೆಗೆ ಕೆಲಸ ಬಿಟ್ಟು ಮೂಲ್ಕಿಯ ತಮ್ಮನ ಮನೆಗೆ ಹೋಗುವುದೆಂದು ಎಲ್ಲರಿಗೂ ಹೇಳಿಯಾಗಿತ್ತು. ಗಂಡ ತೀರಿಹೋಗಿ ಹತ್ತು ವರ್ಷ. ಇಲ್ಲಿ ಹಿಡಿದಿಡುವಂಥದ್ದು ಏನೂ ಇಲ್ಲ ಎಂದೇ ಅಂದುಕೊಂಡಿದ್ದಳು.

ಬಾಗಿಲು ತಳ್ಳಿಕೊಂಡು ತಾರಾನಾಥ ಬಂದ, ಎರಡೂ ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಅಲ್ ಖೋರ್‌ನ ಈ ಟೆಕ್ನಿಷಿಯನ್ ಶುಕ್ರವಾರಗಳಂದು ಬಸ್ಸು ಹಿಡಿದು ಬರುತ್ತಾನೆ. ಅಂಗಡಿಯ ಪ್ರಿಂಟರ್ ಕೆಟ್ಟಿದ್ದರೂ, ಕೆಡದಿದ್ದರೂ.

"ಪ್ರಿಂಟರ್ ಚೆನ್ನಾಗಿಯೇ ಉಂಟಲ್ಲ," ಅಂಗಡಿ ನೋಡಿಕೊಳ್ಳುವ ಮಾಜಿದಾ ಗಲ್ಲಾದ ಹಿಂದಿನಿಂದ ಕೆಣಕಿದಳು.

"ಇದು ಬೇರೆ, ಮಾಜಿದಕ್ಕ." ಅವನು ಮೇಜಿನ ಮೇಲೆ ಮೂರು ಪುಟ್ಟ ಯಂತ್ರಗಳನ್ನು ಸಾಲಾಗಿ ಇಟ್ಟ. "ಕಂಪ್ಯೂಟರಿನಿಂದ ಹೆಸರು ಕೊಟ್ಟರೆ ಪೆನ್ನು ಹಿಡಿದು ಬರೆಯುತ್ತವೆ. ಕಚ್ಚಾ ಮಾದರಿಗಳು. ಯಾವುದು ಮುಂದುವರಿಸುವುದು, ಉಮಾವತಿಯವರೇ ಹೇಳಬೇಕು."

ಮೊದಲನೆಯದು ಚೌಕಟ್ಟು, ಲಕೋಟೆಯನ್ನು ಒಳಗೆ ಬಿಗಿದಿಡಬೇಕು. ಎರಡನೆಯದು ಮೊಣಕೈಯಂತೆ ಮಡಚುವ ತೋಳು. ಮೂರನೆಯದು ಕಾಗದದ ಮೇಲೆಯೇ ಓಡಾಡುವ ಗಾಲಿಯ ಗಾಡಿ. ಮೂರೂ ಇಂಗ್ಲಿಷಿನಲ್ಲಿ ಸೊಗಸಾಗಿ ಬರೆದವು. ಗಾಡಿ ಮಾತ್ರ ನುಣುಪು ಕಾಗದದಲ್ಲಿ ಕೊಂಚ ಜಾರಿತು.

"ಅರಬ್ಬಿ ಬರೆಸಿ ನೋಡುವ," ಎಂದಳು ಉಮಾವತಿ.

ಪೆನ್ನು ಬಲದಿಂದ ಎಡಕ್ಕೆ ಹೊರಟದ್ದೇ ತಡ, ನಿಬ್ಬು ಕಾಗದಕ್ಕೆ ಕಚ್ಚಿ ಮಸಿ ಸಿಡಿಯಿತು. ಮೂರರಲ್ಲೂ ಅದೇ ಗತಿ. ತಾರಾನಾಥನ ಮುಖ ಸಣ್ಣದಾಯಿತು.

"ಪೆನ್ನನ್ನು ಇಷ್ಟು ಓರೆ ಕೂರಿಸಿದ್ದು ಯಾಕೆ ಮಾರಾಯ್ರೇ?"

"ಅದು ನಿಮ್ಮ ಕೈಯ ಓರೆ. ಅಳೆದು ಮಾಡಿದ್ದು."

"ನನ್ನ ಕೈ ಯಾವಾಗ ಅಳೆದದ್ದು?"

ಅವನು ಖಾಲಿ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಕಿವಿ ಕೆಂಪಾದವು.

ಅವಳು ಒಂದು ಲಕೋಟೆ ತೆಗೆದುಕೊಂಡು, ಅಡ್ಡಲಾಗಿದ್ದುದನ್ನು ಉದ್ದಕ್ಕೆ ತಿರುಗಿಸಿ, ಹೆಸರನ್ನು ಮೇಲಿನಿಂದ ತನ್ನ ಕಡೆಗೆ ಎಳೆಯುತ್ತ ಬರೆದಳು. "ಅರಬ್ಬಿಗೆ ನಾನು ಕೈ ತಿರುಗಿಸುವುದಿಲ್ಲ. ಲಕೋಟೆ ತಿರುಗಿಸುತ್ತೇನೆ. ಇಷ್ಟು ಶುಕ್ರವಾರ ಎದುರು ಕೂತಿದ್ದೀರಿ, ಇದು ಕಾಣಲಿಲ್ವಾ?"

"ಇಲ್ಲ," ಎಂದ ತಾರಾನಾಥ, ಮೆಲ್ಲಗೆ. "ನಾನು ಲಕೋಟೆ ನೋಡಲೇ ಇಲ್ಲ. ನಿಮ್ಮ ಕೈಯನ್ನು ಮಾತ್ರ ನೋಡಿದ್ದು."

ಗಲ್ಲಾದ ಹಿಂದೆ ಮಾಜಿದಾ ಕೆಮ್ಮಿದಳು. "ಯಲ್ಲಾ, ಹೊರಟೆ, ನನಗೆ ಒಳಗೆ ಕೆಲಸ ಉಂಟು," ಎಂದು ಇಲ್ಲದ ಕೆಲಸಕ್ಕೆ ಎದ್ದು ಹೋದಳು.

ಉಮಾವತಿಗೆ ನಗು ತಡೆಯಲಾಗಲಿಲ್ಲ. ಐವತ್ತು ದಾಟಿದ ಗಂಡಸು, ಶಾಲೆಯಲ್ಲಿ ಸಿಕ್ಕಿಬಿದ್ದವನಂತೆ ನಿಂತಿದ್ದಾನೆ! ಅವಳು ಬಗ್ಗಿ ಮಾದರಿಗಳನ್ನು ಮತ್ತೆ ನೋಡಿದಳು. ಚೌಕಟ್ಟಿನೊಳಗೆ ಲಕೋಟೆ ತಿರುಗದು, ಗಾಡಿ ಜಾರುತ್ತದೆ.

"ತೋಳಿನದ್ದೇ ಇರಲಿ. ಅದರಡಿಯಲ್ಲಿ ಲಕೋಟೆ ತಿರುಗಿಸಬಹುದು."

"ಪೂರ್ತಿ ಚಾಚಿದರೆ ತುದಿ ನಡುಗುತ್ತದೆ."

"ಹತ್ತಿರ ಇಟ್ಟುಕೊಂಡರಾಯ್ತು."

ಅವನು ತಲೆಯೆತ್ತಿದ. ಅವಳು ಮಸಿ ಬಾಟಲಿಯ ಮುಚ್ಚಳ ತಿರುಗಿಸುವುದರಲ್ಲಿ ಮಗ್ನಳಾದಳು.

"ಮುಗಿಸಲು ಮೂರು ತಿಂಗಳು ಬೇಕು," ಎಂದ. "ನೀವು ತಿಂಗಳ ಕೊನೆಗೆ..."

"ನಿಮ್ಮ ಬಸ್ಸಿಗೆ ಹೊತ್ತಾಯ್ತು, ತಾರಾನಾಥರೇ."

ಅವನು ತೋಳಿನ ಮಾದರಿಯನ್ನು ಮಾತ್ರ ಎತ್ತಿಕೊಂಡು ಹೊರಟ. ಗಾಜಿನಾಚೆ, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ಒಮ್ಮೆ ತಿರುಗಿ ನೋಡಿದ.

ಮೊಬೈಲಿನಲ್ಲಿ ತಮ್ಮನ ಮೆಸೇಜ್ ಇತ್ತು: ಅಕ್ಕ, ಟಿಕೆಟ್ ಯಾವ ದಿನಕ್ಕೆ ಮಾಡಲಿ? ಉಮಾವತಿ ಓದಿ, ಫೋನನ್ನು ಕವುಚಿ ಇಟ್ಟಳು. ಮುಂದಿನ ಶುಕ್ರವಾರ ತಾರಾನಾಥ ಇಲ್ಲಿಗೆ ಬರುವುದು ಬೇಡ. ಬೆಳಿಗ್ಗೆಯೇ ತಾನು ಅಲ್ ಖೋರ್‌ಗೆ ಬಸ್ಸು ಹತ್ತುವುದೆಂದು ನಿಶ್ಚಯಿಸಿದಳು.

"ಎಂತ ನಗುವುದು ಒಬ್ಬಳೇ?" ಮಾಜಿದಾ ಒಳಗಿನಿಂದ ಇಣುಕಿದಳು.

"ಎಂತದೂ ಇಲ್ಲ," ಎಂದಳು ಉಮಾವತಿ.