ಸೊನ್ನೆ ತಪ್ಪಿದ ಮುಳ್ಳು

ಅವನ ಕಣ್ಣಳತೆ ಎಂಥದ್ದು ಅಂತೀರಾ! ಇರುವೆ ಕುಂಟ್ಕೊಂಡು ಹೋದ್ರೆ ಯಾವ ಕಾಲು ಗಿಡ್ಡ ಅಂತ ನಿಂತಲ್ಲೇ ಹೇಳ್ತಿದ್ದ. ಟೂಲ್ಸ್ ಅಂಗಡಿಯ ಫಿಟ್ಟರ್. ಕೂದಲೆಳೆ ಸೊಟ್ಟ ಇದ್ರೂ ಹಿಡಿದುಕೊಡೋ ಅಳತೆ ಡಯಲ್ಲಿನ ಮುಳ್ಳು ಸೊನ್ನೆಗೆ ಬಂದು ಕೂರೋವರೆಗೂ ಅನ್ನ ಬೇಡ, ನೀರು ಬೇಡ. ಅದಕ್ಕೇ ಅವನಿಗೆ ‘ಸೊನ್ನೆ’ ಅಂತ ಹೆಸರು. ಹೆಸರಿಟ್ಟವರು ಅವನ ಗುರು, ಮೇಸ್ತ್ರಿ. ಡಯಲ್ ಕೊಟ್ಟವರೂ ಅವರೇ. ಆ ಡಯಲ್ ಡಬ್ಬೀನ ಹೆತ್ತ ತಾಯಿಗೂ ಮುಟ್ಟಗೊಡ್ತಿರಲಿಲ್ಲ ಪುಣ್ಯಾತ್ಮ.

ಅಂಥವನು ಮೇಸ್ತ್ರಿ ಮಗಳ ಹತ್ರ ಇದ್ದ, ಕಬ್ಬಿಣ ಕೆತ್ತೋ ಪುಟ್ಟ ಮಿಲ್ಲಿಂಗ್ ಮೆಷಿನ್‌ಗೆ ಆನೆಮರಿಯಂಥ ವೈಸ್, ಅಂದ್ರೆ ಕೆಲಸದ ತುಂಡನ್ನ ದವಡೇಲಿ ಕಚ್ಚಿ ಹಿಡಿಯೋ ಇಕ್ಕಳ, ಹೊತ್ತು ತಂದ!

"ಇದೇನ್ರೀ, ಮೆಷಿನ್‌ಗೆ ವೈಸ್ ತಂದ್ರೋ, ವೈಸ್‌ಗೆ ಮೆಷಿನ್ ಹುಡುಕ್ಕೊಂಡು ಬಂದ್ರೋ?" ಅಂದ್ಳು ಅವಳು.

ಕೂರಿಸಿ ನೋಡಿದ್ರೆ ಟೇಬಲ್‌ನಿಂದ ಅರ್ಧ ಹೊರಗೆ. ಹಿಡಿ ತಿರುಗಿಸಿದ್ರೆ ಕಂಬಕ್ಕೆ ಢಣ್! ಮೇಲೆ ಕಟ್ಟರ್‌ಗೆ ಉಸಿರಾಡೋಕೂ ಜಾಗ ಇಲ್ಲ.

"ನಾಳೆ ಚಿಕ್ಕದು ತರ್ತೀನಿ," ಅಂದ ಅವನು, ನೆಲ ನೋಡ್ತಾ.

"ಎರಡು ಸಲ ಬರೋ ಆಸೆ ಇದ್ರೆ ಬಾಯಿಬಿಟ್ಟು ಹೇಳ್ಬಾರ್ದಾ?"

ಅವನ ಕಿವಿ ಕೆಂಪಾಯ್ತು. ಆದ್ರೆ ನಗು ಬರಲಿಲ್ಲ. ನಾಡಿದ್ದು ಬೆಳಿಗ್ಗೆ ಅವನು ಊರು ಬಿಡಬೇಕಿತ್ತು. ಅದನ್ನ ಹೇಳೋಕೆ ನಾಲಿಗೆ ಏಳಲಿಲ್ಲ.

ಮೇಸ್ತ್ರಿ ತೀರ್ಕೊಂಡ ಮೇಲೆ ಅವಳು ಮೆಷಿನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದ್ಳು. "ಇನ್ಮೇಲೆ ಬರಬೇಡಿ. ನಿಮ್ಮನ್ನ ಕಂಡ್ರೆ ಅಪ್ಪನ ನೆನಪಾಗಿ ತಡೆಯೋಕಾಗಲ್ಲ," ಅಂದಿದ್ಳು. ಅವನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಅದೇ ಸಿಟ್ಟು, ಅದೇ ನೋವಲ್ಲಿ ಅಂಗಡಿ ಧಣಿ ಹತ್ರ ಹೋದ. ದೂರದೂರಲ್ಲಿ ಹೊಸ ಅಂಗಡಿ ನಿಲ್ಲಿಸೋಕೆ ಒಪ್ಕೊಂಡುಬಿಟ್ಟ. ಬೆಡ್‌ಶೀಟ್ ತೆಗೆದು, ಅಪ್ಪನ ಕಾಲದ, ಸೀಳುಬಿಟ್ಟ ವೈಸ್ ಬಿಚ್ಚಿ, "ಹೊಸದು ಬೇಕು, ಬನ್ನಿ" ಅಂತ ಅವಳು ಹೇಳಿಕಳಿಸೋ ಹೊತ್ತಿಗೆ ಆ ಹೊಸ ಅಂಗಡಿ ಸಾಮಾನು ಲಾರಿ ಏರಿಯಾಗಿತ್ತು.

ಮಾರನೇ ದಿನ ನಾಲ್ಕಿಂಚಿನ ವೈಸ್ ಬಂತು. ಬಾಗಿಲಲ್ಲೇ ಕೂತಿದ್ದ ಅವಳ ಸೋದರತ್ತೆ ಕೇಳಿದ್ರು, "ಇವತ್ತಾದ್ರೂ ಮೆಷಿನ್ ನೋಡ್ಕೊಂಡು ತಂದ್ಯೋ, ಇವಳನ್ನ ನೋಡ್ಕೊಂಡು ತಂದ್ಯೋ?"

"ಮೆಷಿನ್ನೇ ಅತ್ತೆ."

"ಅಯ್ಯೋ ಸುಳ್ಳೇ!"

ಕಿಟಕೀಲಿ ಬೂದಿ ಬಣ್ಣದ ಬೆಳಕು. ಅವಳು ಟೇಬಲ್ ಒರೆಸಿದ್ಳು. ಅವನು ವೈಸ್ ತಳಕ್ಕೆ ಎಣ್ಣೆಕಲ್ಲು ಸವರಿ, ಅಂಗೈ ಆಡಿಸಿ, ಕೂರಿಸಿದ. ಬೋಲ್ಟ್‌ಗಳು ಟೇಬಲ್ ತೋಡಿನೊಳಗೆ ಸರಕ್ಕನೆ ಇಳಿದ್ವು. ಒಂದು ಗಟ್ಟಿ, ಇನ್ನೊಂದು ಸಡಿಲ.

"ಎರಡೂ ಒಟ್ಟಿಗೆ ಬಿಗಿದ್ರೆ..." ಅವಳು ಶುರು ಮಾಡಿದ್ಳು.

"...ಆಮೇಲೆ ತಿದ್ದೋಕೆ ದಾರಿ ಇರಲ್ಲ," ಅವನು ಮುಗಿಸಿದ. ಮೇಸ್ತ್ರಿ ಮಾತದು.

ಅಲುಗಾಡದ ದವಡೆಗೆ ಡಯಲ್ ಮೂತಿ ತಾಗಿಸಿದ. ಅವಳು ಹಿಡಿ ತಿರುಗಿಸಿ ಟೇಬಲ್ ಸರಿಸ್ತಾ ಹೋದ್ಳು. ಅವನು ನೈಲಾನ್ ಸುತ್ತಿಗೇಲಿ ಮೆತ್ತಗೆ ತಟ್ಟಿದ. ಡಯಲ್ ಗಾಜಲ್ಲಿ ಅವಳ ಮುಖ ಕಾಣ್ತಿತ್ತು. ಮುಳ್ಳು ನೋಡೋ ನೆಪದಲ್ಲಿ ಅದನ್ನೇ ನೋಡ್ತಿದ್ದ. ಆ ಕಡೆಯಿಂದ ಅವಳೂ ಅಷ್ಟೇ.

ಆ ದವಡೆ ಈ ತುದಿಯಿಂದ ಆ ತುದಿಗೆ ಹೋದ್ರೂ ಮುಳ್ಳು ಮಿಸುಕಲಿಲ್ಲ. ಸೊನ್ನೆ. ಅವನು ಎರಡೂ ಬೋಲ್ಟ್ ಬಿಗಿದ.

ಅಷ್ಟರಲ್ಲಿ ಅತ್ತೆ, "ಅಲ್ಲ ಕಣೋ, ನಾಳೆ ಊರು ಬಿಡ್ತೀಯಂತೆ? ಬೀದೀಲೆಲ್ಲಾ ಅದೇ ಮಾತು," ಅಂದ್ರು.

ಎಣ್ಣೆ ಒರೆಸ್ತಿದ್ದ ಅವಳ ಕೈ ನಿಂತ್ಹೋಯ್ತು.

"ಹೌದಾ?"

"ಮಾತು ಕೊಟ್ಟಾಯ್ತು. ಎಷ್ಟು ಕಾಲ ಅಂತ ಧಣಿನೂ ಹೇಳಿಲ್ಲ. ನೀವೇ ಅವತ್ತು ಬರಬೇಡಿ ಅಂದ್ರಲ್ಲ..."

"ಅಳ್ತಾ ಇದ್ದವಳ ಮಾತು ಅದು. ಅದನ್ನೇ ಹಿಡ್ಕೊಂಡು ಎರಡೂ ಬೋಲ್ಟ್ ಬಿಗಿದು ಬಂದ್ಬಿಟ್ರಾ?"

ಅವನು ಸ್ಪ್ಯಾನರ್ ಒರೆಸಿದ್ದನ್ನೇ ಒರೆಸಿದ.

ಅವಳು ಆ ಸ್ಪ್ಯಾನರ್ ಕಿತ್ಕೊಂಡ್ಳು. ಒಂದು ಬೋಲ್ಟ್ ಸಡಿಲ ಮಾಡಿದ್ಳು. ಸುತ್ತಿಗೆ ಎತ್ತಿ ವೈಸ್ ಮೂಲೆಗೆ ಒಂದೇ ಪೆಟ್ಟು. ಮುಳ್ಳು ಹಾರಿ ಐದಾರು ಗೆರೆ ಆಚೆ ಹೋಗಿ ನಿಂತ್ಕೊಂಡ್ತು. ಮತ್ತೆ ಬೋಲ್ಟ್ ಬಿಗಿದ್ಳು.

"ಅಯ್ಯೋ! ಏನ್ ಮಾಡಿದ್ರಿ?"

"ಹೀಗೇ ಇರ್ಲಿ. ನೀವು ಬಂದು ಸರಿಮಾಡೋವರೆಗೂ."

"ಸೊಟ್ಟ ವೈಸಲ್ಲಿ ಕೆಲಸ ಹೇಗೆ ಮಾಡ್ತೀರಿ?"

"ಸೊಟ್ಟ ಇದ್ದ ಕಡೆ ಕಾಗದದ ಚೂರು ಒತ್ತಿಟ್ಟು ಮಾಡ್ತೀನಿ. ದಿನಾ ಒಂದೊಂದು ಚೂರು ಇಡುವಾಗ ನಿಮಗೆ ಬೈತೀನಿ." ತುಟಿ ನಗ್ತಿತ್ತು, ಕಣ್ಣು ತುಂಬಿತ್ತು.

"ನಾನು ಬರೋದು ತಡ ಆದ್ರೆ?"

"ಅಪ್ಪ ಹೇಳ್ತಿದ್ರು, ಮುಳ್ಳು ಸೊನ್ನೆ ತಪ್ಪಿದ್ರೆ ಇವನಿಗೆ ನಿದ್ದೆ ಹತ್ತಲ್ಲ ಅಂತ. ನೋಡೋಣ, ಎಷ್ಟು ರಾತ್ರಿ ತಡೀತೀರಿ."

ಅವನ ಕೈ ಸ್ಪ್ಯಾನರ್ ಕಡೆ ಹೋಯ್ತು. ಹಾಗೇ ವಾಪಸ್ ಬಂತು. ಜೀವಮಾನದಲ್ಲಿ ಮೊದಲ್ನೇ ಸಲ ತಪ್ಪಿದ ಮುಳ್ಳನ್ನ ತಪ್ಪಿದ ಹಾಗೇ ಬಿಟ್ಟ. ಡಯಲ್ಲನ್ನೂ ವೈಸ್ ದವಡೆಯಿಂದ ಬಿಡಿಸ್ಲಿಲ್ಲ. ಖಾಲಿ ಡಬ್ಬಿ ಮುಚ್ಚಿ ಅವಳ ಅಂಗೈ ಮೇಲಿಟ್ಟ. ಬೆರಳು ಬೆರಳಿಗೆ ತಾಗಿ ಒಂದು ಗಳಿಗೆ ಅಲ್ಲೇ ನಿಂತ್ವು.

ಆಮೇಲೆ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಚೀಲ ಹಗುರ ಆಗಿತ್ತು, ಕಾಲು ಮಾತ್ರ ಸೀಸದ ಗಟ್ಟಿ.

ಕೊನೇ ಮೆಟ್ಟಿಲಲ್ಲಿ ಅತ್ತೆ ಕೂಗು ಕೇಳಿಸ್ತು. "ಅಯ್ಯೋ, ಡಯಲ್ ಬಿಟ್ಟು ಹೋದ್ನಲ್ಲೇ! ಕೂಗೇ ಅವನ್ನ!"

"ಬಿಟ್ಟು ಹೋಗಿಲ್ಲ ಅತ್ತೆ," ಅಂತಿದ್ಳು ಅವಳು. "ಇಟ್ಟು ಹೋಗಿದಾರೆ."